ಹೆಬ್ಬೆಟ್ಟಿನ ಗುರುತು: ಚಿನ್ನದ ಗಣಿಯ ಕಾವಲಿನಿಂದ ಸೈಬರ್ ಭದ್ರತಾ ನೀತಿಯವರೆಗೆ

೧

ಒಂದು ರಾಜ್ಯವು ಯಾವುದನ್ನು ತನ್ನ ನಿಧಿಯೆಂದು ಬಗೆಯುವುದೋ ಅದನ್ನು ಕಾಯುವ ಕ್ರಮವನ್ನು ಪರಿಶೀಲಿಸಿದರೆ, ಆ ರಾಜ್ಯವು ತನ್ನ ಪ್ರಜೆಗಳನ್ನು ಯಾವ ದೃಷ್ಟಿಯಿಂದ ಕಾಣುವುದೆಂಬುದೂ ತಿಳಿದುಬರುವುದು. ಹಿಂದೆ ನಿಧಿಯೆಂದರೆ ಧಾನ್ಯ, ಲೋಹ, ರತ್ನ, ಗಜಾಶ್ವಗಳು. ಈಗ ಆ ಪಟ್ಟಿಗೆ ದತ್ತಾಂಶವೆಂಬ ಹೊಸದೊಂದು ಸೇರಿದೆ. ಜನರ ಹೆಸರು, ವಿಳಾಸ, ಬೆರಳಚ್ಚು, ಬ್ಯಾಂಕಿನ ಲೆಕ್ಕ, ರೋಗದ ವಿವರ, ಇವೆಲ್ಲ ಗಣಕಯಂತ್ರಗಳಲ್ಲಿ ಸಂಗ್ರಹವಾಗಿ, ಕದಿಯತಕ್ಕ ವಸ್ತುವೂ ಕಾಯತಕ್ಕ ವಸ್ತುವೂ ಆಗಿವೆ. ಇವನ್ನೂ ಇವನ್ನು ಹೊತ್ತು ನಡೆಸುವ ತಂತಿಜಾಲಗಳನ್ನೂ ರಕ್ಷಿಸುವ ಸರ್ಕಾರದ ಕ್ರಮಕ್ಕೆ ಸೈಬರ್ ಭದ್ರತಾ ನೀತಿಯೆಂದು ಹೆಸರು. ಭಾರತದಲ್ಲಿ ಈ ನೀತಿಯು ಬೆಳೆದುಬಂದ ಬಗೆಯನ್ನು ಕೋಲಾರದ ಚಿನ್ನದ ಗಣಿಯ ಚರಿತ್ರೆಯೊಡನೆ ಇಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಗಣಿಗೂ ಗಣಕಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕಾಲದ ಸಾಮೀಪ್ಯವೊಂದು ಮೊದಲು ಕಣ್ಣಿಗೆ ಬೀಳುವುದು. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯಿದೆಯು ೨೦೦೦ದ ಅಕ್ಟೋಬರ್ ೧೭ರಂದು ಜಾರಿಗೆ ಬಂದಿತು. ಅಲ್ಲಿಂದ ನಾಲ್ಕೂವರೆ ತಿಂಗಳೊಳಗೆ, ೨೦೦೧ರ ಫೆಬ್ರವರಿ ೨೮ರಂದು, ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ಕೋಲಾರದ ಗಣಿಗಳನ್ನು ಮುಚ್ಚಿತು. ಅದೇ ೨೦೦೧ರಲ್ಲಿ ದೇಶದ ಮೊದಲನೆಯ ಸೈಬರ್ ಅಪರಾಧ ಪೊಲೀಸ್ ಠಾಣೆಯು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಒಂದು ನಿಧಿಯ ಬಾಗಿಲು ಮುಚ್ಚಿದಾಗಲೇ ಇನ್ನೊಂದರ ಬಾಗಿಲಿಗೆ ಕಾವಲು ಬಂದಿತು. ಆದರೆ ಈ ಸಾಮೀಪ್ಯವು ಕಾಕತಾಳೀಯ. ಅದಕ್ಕಿಂತ ಬಲವಾದ ಸಂಬಂಧವು ಬೇರೆಯಿದೆ. ಕಾವಲುಗಾರನು ಕಾಯುವುದು ನಿಧಿಯನ್ನೋ, ಆ ನಿಧಿಗೆ ಕಾರಣರಾದ ಜನರನ್ನೋ ಎಂಬ ಪ್ರಶ್ನೆಯು ಎರಡು ಕಡೆಯಲ್ಲಿಯೂ ಒಂದೇ. ಎರಡು ಕಡೆಯಲ್ಲಿಯೂ ಅದು ಎದ್ದದ್ದು ಹೆಬ್ಬೆಟ್ಟಿನ ಗುರುತಿನ ವಿಷಯವಾಗಿ.

ಮೊದಲು ಶಬ್ದವಿಚಾರ. ಸೈಬರ್ ಎಂಬುದು ಗ್ರೀಕ್ ಭಾಷೆಯಲ್ಲಿ ಚುಕ್ಕಾಣಿ ಹಿಡಿದವನೆಂಬ ಅರ್ಥವುಳ್ಳ 'ಕುಬೆರ್ನೇತೇಸ್' ಎಂಬ ಪದದಿಂದ ಬಂದದ್ದು. ನಾರ್ಬರ್ಟ್ ವೀನರ್ ಎಂಬ ಗಣಿತಜ್ಞನು ೧೯೪೮ರಲ್ಲಿ ಯಂತ್ರಗಳಲ್ಲಿಯೂ ಪ್ರಾಣಿಗಳಲ್ಲಿಯೂ ಕಂಡುಬರುವ ನಿಯಂತ್ರಣವನ್ನು ಕುರಿತ ತನ್ನ ಶಾಸ್ತ್ರಕ್ಕೆ ಈ ಮೂಲದಿಂದಲೇ ಹೆಸರಿಟ್ಟನು. ಗವರ್ನರ್ ಎಂಬ ಪರಿಚಿತ ಶಬ್ದವೂ ಲ್ಯಾಟಿನ್ ಮಾರ್ಗವಾಗಿ ಇದೇ ಮೂಲಕ್ಕೆ ಸೇರಿದ್ದು. ಸಂಸ್ಕೃತದಲ್ಲಿ ಇದಕ್ಕೆ ಸಮನಾದುದು ಕರ್ಣಧಾರ ಶಬ್ದ. ಅಲ್ಲಿ ಕರ್ಣವೆಂದರೆ ಚುಕ್ಕಾಣಿ. ನೀತಿ ಶಬ್ದವಾದರೋ ಒಯ್ಯುವುದೆಂಬ ಅರ್ಥದ 'ನೀ' ಧಾತುವಿನಿಂದ ಹುಟ್ಟಿದುದು. ಹೀಗಾಗಿ ಸೈಬರ್ ನೀತಿಯೆಂಬ ಮಾತಿನಲ್ಲಿ ನಡೆಸುವಿಕೆಯ ಅರ್ಥವು ಎರಡಾವೃತ್ತಿ ಅಡಗಿದೆ. ದೋಣಿಯನ್ನು ನಡೆಸುವವನು ದೋಣಿಯಲ್ಲಿ ಕುಳಿತವರ ಕ್ಷೇಮಕ್ಕೆ ಹೊಣೆಗಾರನೆಂಬುದೂ ಆ ಅರ್ಥದಲ್ಲಿಯೇ ಸೇರಿರಬೇಕಷ್ಟೆ.

೨

ನಿಧಿರಕ್ಷಣೆಯನ್ನು ಕುರಿತು ನಮ್ಮಲ್ಲಿ ಅತ್ಯಂತ ವಿಸ್ತಾರವಾಗಿ ಬರೆದವನು ಕೌಟಿಲ್ಯ. ಅವನ ಅರ್ಥಶಾಸ್ತ್ರದ ಹಸ್ತಪ್ರತಿಯು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದುದೂ, ೧೯೦೯ರಲ್ಲಿ ಅದು ಅಚ್ಚಾದುದೂ ವಿದ್ವಾಂಸರಿಗೆ ವಿದಿತವಾದ ವಿಷಯ. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಗಣಿಗಳಿಗೂ ಚಿನ್ನದ ಕೆಲಸಕ್ಕೂ ಬೇರೆ ಬೇರೆ ಅಧ್ಯಕ್ಷರು ಹೇಳಲ್ಪಟ್ಟಿದ್ದಾರೆ. ಚಿನ್ನದ ಕಾರ್ಯಾಗಾರವಾದ ಅಕ್ಷಶಾಲೆಗೆ ಒಂದೇ ಬಾಗಿಲಿರಬೇಕು. ಒಳಗಿನ ನಾಲ್ಕು ಶಾಲೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇರಬೇಕು. ನೇಮಕವಾಗದವನು ಹತ್ತಿರ ಸುಳಿಯಬಾರದು. ಕೆಲಸಗಾರರು ಒಳಹೋಗುವಾಗಲೂ ಹೊರಬರುವಾಗಲೂ ಶೋಧಿಸಲ್ಪಡಬೇಕು ಎಂದು ಅಲ್ಲಿಯ ವಿಧಿ. ಈ ಕಾಲದ ಗಣಕಜ್ಞರು ತಮ್ಮ ಜಾಲಗಳಿಗೆ ಹೇಳುವ ನಿಯಮಗಳೂ ಬಹುಮಟ್ಟಿಗೆ ಇವೇ: ಪ್ರವೇಶದ್ವಾರಗಳು ಕಡಮೆಯಿರಬೇಕು, ಒಂದು ಭಾಗ ಕೆಟ್ಟರೆ ಇನ್ನೊಂದಕ್ಕೆ ಹರಡದಂತೆ ಬೇರ್ಪಡಿಸಿರಬೇಕು, ಅಧಿಕಾರವಿಲ್ಲದವನಿಗೆ ಪ್ರವೇಶವಿರಬಾರದು.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಕೌಟಿಲ್ಯನಿಗೆ ಅರ್ಧ ನ್ಯಾಯ ಮಾತ್ರ ಮಾಡಿದಂತಾಗುವುದು. ಕೆಲಸಗಾರನನ್ನು ಶೋಧಿಸಹೇಳಿದವನೇ ಅಧ್ಯಕ್ಷನನ್ನೂ ಬಿಟ್ಟಿಲ್ಲ. ರಾಜಧನವನ್ನು ಅಪಹರಿಸುವ ನಾಲ್ವತ್ತು ಬಗೆಗಳನ್ನು ಅವನು ಎಣಿಸಿರುವುದು ಅಧಿಕಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅಷ್ಟೇ ಅಲ್ಲ. ಒಬ್ಬ ಅಧಿಕಾರಿಯ ಮೇಲೆ ಸಂಶಯ ಬಂದಾಗ, ಇವನಿಂದ ಯಾರು ಯಾರಿಗೆ ಹಾನಿಯಾಗಿದೆಯೋ ಅವರು ಬಂದು ತಿಳಿಸಬಹುದೆಂದು ನಾಡಿನಲ್ಲಿ ಸಾರಿಸಬೇಕೆಂದೂ, ತಿಳಿಸಿದವರಿಗೆ ಆದ ಹಾನಿಗೆ ತಕ್ಕಂತೆ ಕೊಡಿಸಬೇಕೆಂದೂ ಅವನು ವಿಧಿಸಿದ್ದಾನೆ. ಇಲ್ಲಿ ಮೂರು ಅಂಶಗಳಿವೆ: ನಿಧಿಗೆ ಕಾವಲು, ಕಾವಲುಗಾರನ ಪರೀಕ್ಷೆ, ನೊಂದವನಿಗೆ ಸುದ್ದಿಯೂ ಪರಿಹಾರವೂ. ಕೌಟಿಲ್ಯನ ರಾಜ್ಯವು ಪ್ರಜಾರಾಜ್ಯವಲ್ಲ. ಅದರ ಗೂಢಚಾರರ ಬಲೆಯನ್ನು ಯಾರೂ ಆದರ್ಶವೆಂದು ಹೇಳಲಾರರು. ಆದರೂ ಈ ಮೂರು ಅಂಶಗಳ ಕಟ್ಟು ಒಂದು ಅಳತೆಗೋಲಾಗಿ ನಮಗೆ ಉಪಯೋಗಕ್ಕೆ ಬರುವುದು. ಮುಂದೆ ಹೇಳುವ ಒಂದೊಂದು ಕಾಯಿದೆಯಲ್ಲಿಯೂ ಇವುಗಳಲ್ಲಿ ಎಷ್ಟು ಇವೆ, ಎಷ್ಟು ಇಲ್ಲವೆಂದು ನೋಡೋಣ.

೩

ಕೋಲಾರದ ಸೀಮೆಯಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯವರ ಆಡಳಿತದಲ್ಲಿ ೧೮೮೦ರಿಂದೀಚೆಗೆ ಗಣಿಯ ಕೆಲಸವು ಬಲಗೊಂಡಿತು. ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಅವರ ಹೆಸರನ್ನು ಹೊತ್ತ ಬೌರಿಂಗ್‌ಪೇಟೆಯು ಜನರ ನಾಲಗೆಯಲ್ಲಿ ಬಂಗಾರಪೇಟೆಯಾಯಿತು. ಅಲ್ಲಿಂದ ಮಾರಿಕುಪ್ಪದವರೆಗೆ ೧೮೯೪ರಲ್ಲಿ ರೈಲ್ವೆಯ ಕವಲುದಾರಿಯನ್ನು ತೆರೆದರು. ಗಣಿಗೆ ಬೇಕಾದ ಜನವೂ ಯಂತ್ರಗಳೂ ಆ ದಾರಿಯಿಂದಲೇ ಬಂದವು. ೧೯೦೨ರ ಜೂನ್ ೩೦ರಂದು ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು ೯೨ ಮೈಲಿಗಳ ತಂತಿಯ ಮೂಲಕ ಗಣಿಗೆ ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಗಳ ಮೇಲೆ, ೧೯೦೫ರಲ್ಲಿ. ನೆಲದಡಿಯಲ್ಲಿ ಕೆಲಸ ಮಾಡುವವರ ಪ್ರಾಣವು ದೂರದ ಒಂದು ತಂತಿಯನ್ನು ಅವಲಂಬಿಸುವ ಸ್ಥಿತಿಯು ಈ ನಾಡಿನಲ್ಲಿ ಆರಂಭವಾದುದು ಅಂದಿನಿಂದ. ಈಗಿನ ಕಾಯಿದೆಯು ನಿರ್ಣಾಯಕ ಮೂಲಸೌಕರ್ಯವೆಂದು ಕರೆಯುವ ಭಾವನೆಗೆ ಇದಕ್ಕಿಂತ ಸ್ಪಷ್ಟವಾದ ಹಳೆಯ ಉದಾಹರಣೆಯು ಕರ್ನಾಟಕದಲ್ಲಿ ದೊರೆಯುವುದು ಕಷ್ಟ.

ಚಿನ್ನವನ್ನು ಕಾಯುವ ಏರ್ಪಾಡು ಹೇಗಿದ್ದಿತು? ಗಣಿಯಿಂದ ಹೊರಬರುವ ಕೆಲಸಗಾರರನ್ನು ಶೋಧಿಸುವುದು ನಿತ್ಯದ ಪದ್ಧತಿಯಾಯಿತು. ಕಂಪೆನಿಯವರು ತಮ್ಮದೇ ಕಾವಲುಪಡೆಯನ್ನು ಇಟ್ಟುಕೊಂಡರು. ಮೈಸೂರು ಸರ್ಕಾರದವರು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಗಣಿಗಳ ರೆಗ್ಯುಲೇಷನ್ನನ್ನು ಹೊರಡಿಸಿ ಚಿನ್ನದ ಕಳ್ಳತನಕ್ಕೆ ವಿಶೇಷ ವಿಧಿಗಳನ್ನು ಮಾಡಿದರು. ಸಾಮಾನ್ಯ ನ್ಯಾಯದಲ್ಲಿ ಅಪರಾಧವನ್ನು ಸಾಧಿಸುವ ಭಾರ ದೂರು ತಂದವರದು. ಇಲ್ಲಿಯಾದರೋ, ಗಣಿಯ ಪದಾರ್ಥವು ಯಾರ ಬಳಿ ಸಿಕ್ಕಿತೋ ಅವನೇ ಅದು ತನಗೆ ನ್ಯಾಯವಾಗಿ ಬಂದುದೆಂದು ತೋರಿಸಬೇಕಾಗಿದ್ದಿತು. ಉತ್ತರ ಆರ್ಕಾಟು ಮೊದಲಾದ ಜಿಲ್ಲೆಗಳಿಂದ ಬಂದ ತಮಿಳು ನುಡಿಯ ಆದಿದ್ರಾವಿಡರೇ ಈ ಕೆಲಸಗಾರರಲ್ಲಿ ಬಹುಮಂದಿ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಂಡೆಯನ್ನು ಒಡೆದವರು ಅವರು. ಮೇಲೆ ಬಂದೊಡನೆ ಸಂಶಯಕ್ಕೆ ಪಾತ್ರರಾದವರೂ ಅವರೇ.

೧೯೩೦ರಲ್ಲಿ ಈ ಸಂಶಯವು ಹೊಸ ರೂಪವನ್ನು ತಾಳಿತು. ಕಂಪೆನಿಯವರು ಕೆಲಸಗಾರರ ನೋಂದಣಿಗೆ ಹೆಬ್ಬೆಟ್ಟಿನ ಗುರುತನ್ನು ಪಡೆಯಲು ಹೊರಟರು. ಇದರ ಫಲವಾಗಿ ಇಪ್ಪತ್ತೊಂದು ದಿನಗಳ ಮುಷ್ಕರವು ನಡೆಯಿತು. ಲಿಪಿಜ್ಞಾನವಿಲ್ಲದ ಜನರು ಪತ್ರಗಳಿಗೆ ಹೆಬ್ಬೆಟ್ಟೊತ್ತುವುದು ನಮ್ಮ ಹಳ್ಳಿಗಳಲ್ಲಿ ನಿತ್ಯ ವ್ಯವಹಾರವಾಗಿದ್ದಿತಲ್ಲ, ಗಣಿಯಲ್ಲಿ ಮಾತ್ರ ಅದಕ್ಕೆ ಇಷ್ಟು ವಿರೋಧವೇಕೆಂದು ಆಶ್ಚರ್ಯವಾಗಬಹುದು. ಬೆರಳಚ್ಚಿನ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿಯು ೧೮೫೮ರಲ್ಲಿ ಒಂದು ಗುತ್ತಿಗೆಯ ಪತ್ರಕ್ಕೆ ಗುತ್ತಿಗೆದಾರನ ಕೈಯ ಅಚ್ಚನ್ನು ಪಡೆದನು. ಅದು ಒಪ್ಪಂದದ ಗುರುತು. ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯು ಸ್ಥಾಪಿತವಾಯಿತು. ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಇವರ ಪರಿಶ್ರಮದಿಂದ ಅಚ್ಚುಗಳ ವರ್ಗೀಕರಣವು ಸಿದ್ಧವಾಯಿತು. ಆ ಕಚೇರಿಯ ಉದ್ದೇಶವು ಅಪರಾಧಿಗಳನ್ನು ಗುರುತಿಸುವುದು. ಹೀಗೆ ಒಂದೇ ಗುರುತಿಗೆ ಎರಡು ಜನ್ಮಗಳು. ಮೊದಲನೆಯದರಲ್ಲಿ ಅದು ಸಮ್ಮತಿಯ ಮುದ್ರೆ. ಎರಡನೆಯದರಲ್ಲಿ ಸಂಶಯದ ಮುದ್ರೆ. ಸಾಲಪತ್ರಕ್ಕೆ ಹೆಬ್ಬೆಟ್ಟೊತ್ತಿದವನು ಮಾತು ಕೊಟ್ಟವನಾಗುವನು. ಕಂಪೆನಿಯ ದಫ್ತರದಲ್ಲಿ ಒತ್ತಿದವನಾದರೋ, ಮುಂದೆಂದೋ ಹಿಡಿಯಬೇಕಾದ ಕಳ್ಳನೆಂಬ ಪಟ್ಟಿಗೆ ಸೇರಿದಂತಾಗುವನು. ಅಕ್ಷರ ಬಾರದ ಜನರು ಈ ಅರ್ಥಭೇದವನ್ನು ಬಲ್ಲವರಾಗಿದ್ದರೆಂದೇ ಆ ಇಪ್ಪತ್ತೊಂದು ದಿನಗಳಿಂದ ನಾವು ತಿಳಿಯಬೇಕು.

ಮೇಲೆ ಹೇಳಿದ ಅಳತೆಗೋಲನ್ನು ಇಲ್ಲಿ ಇಟ್ಟು ನೋಡಿದರೆ, ಗಣಿಯಲ್ಲಿ ಮೊದಲನೆಯ ಅಂಶವು ಮಾತ್ರ ಪೂರ್ಣವಾಗಿದ್ದಿತು. ನಿಧಿಗೆ ಕಾವಲಿದ್ದಿತು. ಹೆಬ್ಬೆಟ್ಟುಗಳನ್ನು ಇಟ್ಟುಕೊಂಡವನು ಅವನ್ನು ಏನು ಮಾಡುವನೆಂದು ಕೆಲಸಗಾರನು ಕೇಳಲು ದಾರಿಯಿರಲಿಲ್ಲ.

೪

ತಂತಿಯ ಮೇಲೆ ಹೋಗುವ ಮಾತಿನ ಕಾವಲಿಗೂ ಇದೇ ಬಗೆಯ ಚರಿತ್ರೆಯುಂಟು. ೧೮೮೫ರ ಟೆಲಿಗ್ರಾಫ್ ಕಾಯಿದೆಯು ಸಾರ್ವಜನಿಕ ಸುರಕ್ಷತೆಯ ಕಾರಣದಿಂದ ಸಂದೇಶಗಳನ್ನು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ೧೯೨೩ರ ಅಧಿಕೃತ ರಹಸ್ಯಗಳ ಕಾಯಿದೆಯು ಸರ್ಕಾರದ ಗುಟ್ಟನ್ನು ಕಾಯ್ದಿತು. ಪ್ರಜೆಯ ಗುಟ್ಟನ್ನು ಕಾಯುವ ಸಾಮಾನ್ಯ ಕಾಯಿದೆಯೊಂದು ಆ ಕಾಲದಲ್ಲಿ ಹುಟ್ಟಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಬಹುಕಾಲ ಹೀಗೆಯೇ ನಡೆಯಿತು. ಇದರ ಬಿಸಿಯು ಕರ್ನಾಟಕಕ್ಕೆ ತಟ್ಟಿದ್ದು ೧೯೮೮ರಲ್ಲಿ. ರಾಜಕೀಯ ವ್ಯಕ್ತಿಗಳ ದೂರವಾಣಿಯನ್ನು ಕದ್ದು ಕೇಳಲಾಯಿತೆಂಬ ಆರೋಪವು ಎದ್ದು, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಆಗಸ್ಟ್ ತಿಂಗಳಲ್ಲಿ ರಾಜೀನಾಮೆಯನ್ನಿತ್ತರು. ಕದ್ದಾಲಿಕೆಗೆ ವಿಧಿವತ್ತಾದ ಕಟ್ಟುಪಾಡುಗಳಿರಬೇಕೆಂದು ಸುಪ್ರೀಂ ಕೋರ್ಟು ನಿರ್ಣಯಿಸಿದ್ದು ೧೯೯೬ರಲ್ಲಿ, ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯವರ ವ್ಯಾಜ್ಯದಲ್ಲಿ. ಅಧಿಕಾರವು ಹುಟ್ಟಿದ ನೂರ ಹನ್ನೊಂದು ವರ್ಷಗಳ ಮೇಲೆ ಅದಕ್ಕೆ ಕಡಿವಾಣವು ಬಂದಂತಾಯಿತು.

೫

ಇಂತಹ ಪರಂಪರೆಯ ಮೇಲೆ ಮಾಹಿತಿ ತಂತ್ರಜ್ಞಾನ ಕಾಯಿದೆಯು ಬಂದಿತು. ೨೦೦೦ದಲ್ಲಿ ಅದರ ಮುಖ್ಯ ಉದ್ದೇಶವು ವಾಣಿಜ್ಯ. ಗಣಕದ ಮೇಲಿನ ದಾಖಲೆಗೂ ಸಹಿಗೂ ಕಾಗದದ ದಾಖಲೆಗೆ ಸಮನಾದ ಮಾನ್ಯತೆಯನ್ನು ಕೊಡುವುದು, ಕನ್ನ ಹಾಕಿದವನಿಗೆ ದಂಡವನ್ನು ವಿಧಿಸುವುದು, ಇವು ಅದರ ತಿರುಳು. ೨೦೦೪ರ ಜನವರಿಯಲ್ಲಿ ಸರ್ಟ್-ಇನ್ ಎಂಬ ಸಂಕ್ಷೇಪನಾಮದ ತುರ್ತು ಪ್ರತಿಕ್ರಿಯಾ ದಳವು ಆರಂಭವಾಯಿತು.

೨೦೦೮ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ಭಯೋತ್ಪಾದಕರ ದಾಳಿ ನಡೆದ ಮರುತಿಂಗಳಲ್ಲಿಯೇ ಕಾಯಿದೆಯ ದೊಡ್ಡ ತಿದ್ದುಪಡಿಯು ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಯಿತು. ಅದು ೨೦೦೯ರ ಅಕ್ಟೋಬರ್ ೨೭ರಿಂದ ಜಾರಿಗೆ ಬಂದಿತು. ಆಗ ವಾಣಿಜ್ಯದ ಕಾಯಿದೆಯು ರಾಜ್ಯರಕ್ಷಣೆಯ ಕಾಯಿದೆಯಾಗಿ ಮಾರ್ಪಟ್ಟಿತು. ೬೯ನೆಯ ಪ್ರಕರಣದಿಂದ ಸಂದೇಶಗಳನ್ನು ತಡೆದು ನೋಡುವ ಅಧಿಕಾರವು ವಿಸ್ತಾರವಾಯಿತು. ೭೦ಎ ಪ್ರಕರಣದಲ್ಲಿ ನಿರ್ಣಾಯಕ ಮಾಹಿತಿ ಮೂಲಸೌಕರ್ಯಗಳ ರಕ್ಷಣೆಗೆ ಒಂದು ಸಂಸ್ಥೆಯೂ, ೭೦ಬಿ ಪ್ರಕರಣದಲ್ಲಿ ಸರ್ಟ್-ಇನ್ ದಳಕ್ಕೆ ಶಾಸನಬದ್ಧವಾದ ಸ್ಥಾನವೂ ದೊರೆತವು. ೬೬ಎ ಪ್ರಕರಣವು ಕಿರಿಕಿರಿಯನ್ನುಂಟುಮಾಡುವ ಸಂದೇಶವನ್ನು ಅಪರಾಧವೆಂದು ಎಣಿಸಿತು. ಅರ್ಥದ ಮೇರೆಯಿಲ್ಲದ ಆ ಶಬ್ದಗಳು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ೨೦೧೫ರ ಮಾರ್ಚಿ ೨೪ರಂದು ಅದನ್ನು ತೆಗೆದುಹಾಕಿತು. ಇವುಗಳ ನಡುವೆ ಸದ್ದಿಲ್ಲದೆ ಸೇರಿದ್ದುದು ೪೩ಎ ಎಂಬ ಇನ್ನೊಂದು ಪ್ರಕರಣ. ಜನರ ಸೂಕ್ಷ್ಮ ವಿವರಗಳನ್ನು ಇಟ್ಟುಕೊಂಡ ಕಂಪೆನಿಯು ಅಜಾಗರೂಕತೆಯಿಂದ ನಷ್ಟವನ್ನುಂಟುಮಾಡಿದರೆ, ನೊಂದವನಿಗೆ ಪರಿಹಾರ ಕೊಡಬೇಕೆಂದು ಅದು ವಿಧಿಸಿತು. ಕೌಟಿಲ್ಯನ ಮೂರನೆಯ ಅಂಶವು ಈ ಕಾಯಿದೆಯಲ್ಲಿ ಕಾಣಿಸಿಕೊಂಡದ್ದು ಇಲ್ಲಿ.

೨೦೧೩ರ ಜುಲೈ ೨ರಂದು ರಾಷ್ಟ್ರೀಯ ಸೈಬರ್ ಭದ್ರತಾ ನೀತಿಯೆಂಬ ಹೆಸರಿನ ಮೊದಲ ಪ್ರಕಟನೆಯು ಹೊರಬಿದ್ದಿತು. ಅಮೆರಿಕದ ಗೂಢಚರ್ಯೆಯ ಸಂಗತಿಗಳನ್ನು ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದ್ದು ಅದರ ಹಿಂದಿನ ತಿಂಗಳಲ್ಲಿ. ಇರಾನಿನ ಅಣುಯಂತ್ರಗಳನ್ನು ಕೆಡಿಸಿದ ಸ್ಟಕ್ಸ್‌ನೆಟ್ ಎಂಬ ಗಣಕಕ್ರಿಮಿಯು ೨೦೧೦ರಲ್ಲಿಯೇ ಬೆಳಕಿಗೆ ಬಂದಿದ್ದಿತು. ಶಸ್ತ್ರವಿಲ್ಲದೆ ಕಾರ್ಖಾನೆಯನ್ನು ನಾಶಮಾಡಬಹುದೆಂಬುದು ಆ ವೇಳೆಗೆ ಜಗತ್ತಿಗೆ ಗೊತ್ತಾಗಿದ್ದಿತು. ಐದು ವರ್ಷಗಳಲ್ಲಿ ಐದು ಲಕ್ಷ ಮಂದಿ ಪರಿಣತರನ್ನು ಸಿದ್ಧಗೊಳಿಸುವುದು ನಮ್ಮ ನೀತಿಯ ಗುರಿಗಳಲ್ಲೊಂದು. ೨೦೧೪ರ ಜನವರಿಯಲ್ಲಿ ನಿರ್ಣಾಯಕ ಮೂಲಸೌಕರ್ಯಗಳ ರಕ್ಷಣಾ ಕೇಂದ್ರವು ಪ್ರಕಟವಾಯಿತು. ಈ ಎಚ್ಚರವು ಅನಾವಶ್ಯಕವಾಗಿರಲಿಲ್ಲ. ೨೦೧೯ರಲ್ಲಿ ಕೂಡಂಕುಳಂ ಅಣುವಿದ್ಯುತ್ ಕೇಂದ್ರದ ಆಡಳಿತಜಾಲದ ಒಂದು ಗಣಕದಲ್ಲಿ ಕ್ರಿಮಿಯು ಸೇರಿದ್ದುದನ್ನು ಸಂಬಂಧಪಟ್ಟ ನಿಗಮವು ಒಪ್ಪಿಕೊಂಡಿತು. ಯಂತ್ರಗಳನ್ನು ನಡೆಸುವ ಜಾಲವು ಅದರಿಂದ ಬೇರೆಯಾಗಿದ್ದುದರಿಂದ ಸ್ಥಾವರಕ್ಕೆ ತೊಂದರೆಯಾಗಲಿಲ್ಲವೆಂದು ತಿಳಿಸಲಾಯಿತು. ಅಕ್ಷಶಾಲೆಯ ಸಂಬಂಧವಿಲ್ಲದ ಶಾಲೆಗಳ ಪ್ರಯೋಜನವು ಇದೇ. ೨೦೨೧ರಲ್ಲಿ ವಿದ್ಯುತ್ ಕ್ಷೇತ್ರಕ್ಕೆ ಪ್ರತ್ಯೇಕವಾದ ಸೈಬರ್ ಭದ್ರತಾ ಸೂತ್ರಗಳು ಹೊರಟವು. ಶಿವನಸಮುದ್ರದಿಂದ ಗಣಿಗೆ ಎಳೆದ ತಂತಿಯನ್ನು ಕಾಯಲು ಕಾವಲುಗಾರನು ಕಂಬದಿಂದ ಕಂಬಕ್ಕೆ ನಡೆದರೆ ಸಾಕಾಗಿದ್ದಿತು. ಈಗಿನ ಕಳ್ಳನು ಕಂಬದ ಬಳಿಗೆ ಬರುವುದೇ ಇಲ್ಲ.

೨೦೨೨ರ ಏಪ್ರಿಲ್ ೨೮ರಂದು ಸರ್ಟ್-ಇನ್ ಹೊರಡಿಸಿದ ಆದೇಶವು, ಘಟನೆಯು ತಿಳಿದ ಆರು ಗಂಟೆಗಳೊಳಗೆ ತನಗೆ ವರದಿ ಮಾಡಬೇಕೆಂದು ಸಂಸ್ಥೆಗಳಿಗೆ ವಿಧಿಸಿತು. ಅದೇ ವರ್ಷದ ನವೆಂಬರಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯ ಗಣಕಗಳು ಆಕ್ರಮಣಕ್ಕೆ ತುತ್ತಾಗಿ, ಆಸ್ಪತ್ರೆಯ ಕೆಲಸವು ಹಲವು ದಿನ ಕೈಬರಹದಲ್ಲಿ ನಡೆಯಬೇಕಾಯಿತು. ಬೇಗನೆ ತಿಳಿಸುವುದು ಎಷ್ಟು ಅಗತ್ಯವೆಂಬುದಕ್ಕೆ ಇದು ಸಾಕ್ಷಿ. ಆದರೆ ಆ ಆದೇಶದಲ್ಲಿ ಸುದ್ದಿಯು ಹರಿಯುವುದು ಸರ್ಕಾರದ ಕಡೆಗೆ ಮಾತ್ರ. ವಿವರ ಕಳೆದುಕೊಂಡ ಪ್ರಜೆಯ ಕಡೆಗಲ್ಲ. ೨೦೨೩ರ ನವೆಂಬರಿನಲ್ಲಿ ಸರ್ಟ್-ಇನ್ ದಳವನ್ನು ಮಾಹಿತಿ ಹಕ್ಕು ಕಾಯಿದೆಯ ವ್ಯಾಪ್ತಿಯಿಂದ ಬಹುಮಟ್ಟಿಗೆ ಹೊರಗಿಡಲಾಯಿತು. ಕಾವಲುಗಾರನಿಗೆ ಕೆಲವು ಗುಟ್ಟುಗಳು ಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಅವನ ಪರೀಕ್ಷೆಗೆ ಇದ್ದ ಒಂದು ಕಿಟಕಿಯು ಇದರಿಂದ ಮುಚ್ಚಿತೆಂಬುದೂ ನಿಜವೇ.

೬

ಈ ನಡುವೆ ಹೆಬ್ಬೆಟ್ಟು ಮತ್ತೆ ರಂಗಕ್ಕೆ ಬಂದಿದ್ದಿತು. ೨೦೦೯ರಲ್ಲಿ ಸ್ಥಾಪಿತವಾದ ವಿಶಿಷ್ಟ ಗುರುತಿನ ಪ್ರಾಧಿಕಾರವು ೨೦೧೦ರ ಸೆಪ್ಟೆಂಬರಿನಿಂದ ಆಧಾರ್ ಸಂಖ್ಯೆಗಳನ್ನು ಕೊಡತೊಡಗಿತು. ಗಣಿಯ ಕಂಪೆನಿಯು ಕೆಲವು ಸಾವಿರ ಜನರಿಂದ ಪಡೆಯಹೊರಟಿದ್ದ ಗುರುತನ್ನು ಈಗ ಸಮಸ್ತ ದೇಶದ ಜನರೂ ಕೊಟ್ಟರು. ಪಡಿತರಕ್ಕೂ ಪಿಂಚಣಿಗೂ ಅದು ಸಾಧನವಾಯಿತು. ಅದರಿಂದ ಆದ ಅನುಕೂಲಗಳು ಸುಳ್ಳಲ್ಲ. ಜೀವಮಾನವೆಲ್ಲ ಕಲ್ಲು ಮಣ್ಣುಗಳಲ್ಲಿ ದುಡಿದ ಕೈಯ ಗೆರೆಗಳು ಸವೆದು, ಯಂತ್ರವು ಅವನ್ನು ಓದಲಾರದೆ ಹೋದುದೂ ಸುಳ್ಳಲ್ಲ.

ಇದನ್ನು ಪ್ರಶ್ನಿಸಿ ೨೦೧೨ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು. ಅವರ ಹೆಸರಿನ ವ್ಯಾಜ್ಯದಲ್ಲಿಯೇ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು, ಖಾಸಗಿತನವು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. ೨೦೧೮ರ ಸೆಪ್ಟೆಂಬರಿನ ತೀರ್ಪಿನಲ್ಲಿ ಆಧಾರ್ ಕಾಯಿದೆಯು ಉಳಿದರೂ, ಖಾಸಗಿ ಸಂಸ್ಥೆಗಳು ಒಪ್ಪಂದದ ಮೇಲೆ ಅದನ್ನು ಬಳಸುವುದಕ್ಕೆ ತಡೆ ಬಂದಿತು. ಗಣಿಗರು ಕೆಲಸವನ್ನು ನಿಲ್ಲಿಸಿ ಹೇಳಿದುದನ್ನು, ಎಂಬತ್ತೇಳು ವರ್ಷಗಳ ಮೇಲೆ ನ್ಯಾಯಪೀಠವು ಸಂವಿಧಾನದ ಭಾಷೆಯಲ್ಲಿ ಹೇಳಿತೆನ್ನಬಹುದು: ಮನುಷ್ಯನ ಗುರುತು ಮೊದಲು ಆ ಮನುಷ್ಯನದು.

ಗುರುತನ್ನು ಇಟ್ಟುಕೊಂಡವನು ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ನಿದರ್ಶನವು ಕರ್ನಾಟಕದಲ್ಲಿಯೇ ೨೦೨೩ರಲ್ಲಿ ದೊರೆಯಿತು. ಬೆರಳಚ್ಚಿನಿಂದ ಬ್ಯಾಂಕಿನ ಹಣವನ್ನು ಪಡೆಯುವ ಆಧಾರ್ ಪಾವತಿಯ ಕ್ರಮದಲ್ಲಿ, ಖಾತೆದಾರರಿಗೆ ತಿಳಿಯದಂತೆಯೇ ಹಣವು ಹೋಯಿತೆಂದು ಮಂಗಳೂರು, ಬೆಂಗಳೂರು ಮೊದಲಾದೆಡೆಗಳಲ್ಲಿ ದೂರುಗಳು ಬಂದವು. ಸ್ಥಿರಾಸ್ತಿಯ ನೋಂದಣಿ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಅಚ್ಚುಗಳನ್ನು ಜಾಲದಿಂದ ತೆಗೆದು ಕೃತಕ ಬೆರಳನ್ನು ಮಾಡಿಕೊಳ್ಳುವರೆಂಬುದು ಪೊಲೀಸರ ವಿಚಾರಣೆಯಲ್ಲಿ ಹೊರಬಿದ್ದಿತು. ಹೊಲದ ಕ್ರಯಪತ್ರಕ್ಕೆ ಸಮ್ಮತಿಯ ಮುದ್ರೆಯಾಗಿ ಒತ್ತಿದ ಹೆಬ್ಬೆಟ್ಟು ಕಳ್ಳನ ಕೈಯಲ್ಲಿ ಬೀಗದ ಕೈಯಾಯಿತು. ಬೀಗದ ಕೈ ಕಳೆದರೆ ಬೀಗವನ್ನು ಬದಲಾಯಿಸಬಹುದು. ಹೆಬ್ಬೆಟ್ಟನ್ನು ಬದಲಾಯಿಸುವುದೆಂತು?

೭

೨೦೨೩ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ, ೨೦೨೫ರ ನವೆಂಬರಿನಲ್ಲಿ ಅದರ ನಿಯಮಗಳೂ ಹೊರಟವು. ಇದರ ಭಾಗಗಳು ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಲಾಯಿತು. ನಮ್ಮ ಅಳತೆಗೋಲಿನಿಂದ ನೋಡಿದರೆ ಇದು ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಸಮ್ಮತಿಯನ್ನು ಅದು ಅಡಿಗಲ್ಲಾಗಿ ಇಟ್ಟಿತು. ವಿವರಗಳು ಸೋರಿದಾಗ ಆಯಾ ವ್ಯಕ್ತಿಗೇ ತಿಳಿಸಬೇಕೆಂದು ವಿಧಿಸಿತು. ನಾಡಿನಲ್ಲಿ ಸಾರಿಸಬೇಕೆಂಬ ಕೌಟಿಲ್ಯನ ಮಾತಿಗೆ ಇದು ಹತ್ತಿರವಾದದ್ದು. ಆದರೆ ಸರ್ಕಾರವು ಸೂಚಿಸುವ ತನ್ನ ಅಂಗಗಳಿಗೆ ೧೭ನೆಯ ಪ್ರಕರಣದಲ್ಲಿ ವಿಶಾಲವಾದ ವಿನಾಯಿತಿಯನ್ನಿತ್ತಿತು. ರಕ್ಷಣೆ ತಪ್ಪಿದವರಿಗೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡವುಂಟು. ಆ ದಂಡವು ಸೇರುವುದು ಸರ್ಕಾರದ ಸಂಚಿತ ನಿಧಿಗೆ. ನೊಂದವನಿಗೆ ಪರಿಹಾರವನ್ನು ಕೊಡಿಸುತ್ತಿದ್ದ ಹಳೆಯ ೪೩ಎ ಪ್ರಕರಣವನ್ನು ತೆಗೆದುಹಾಕುವ ವಿಧಿಯೂ ಈ ಕಾಯಿದೆಯಲ್ಲಿಯೇ ಇದೆ. ಕಳುವಾದದ್ದು ಪ್ರಜೆಯದು, ದಂಡ ಸಂದದ್ದು ಬೊಕ್ಕಸಕ್ಕೆ ಎಂಬುದು ಯಾವ ಧರ್ಮಶಾಸ್ತ್ರದ ದೃಷ್ಟಿಯಿಂದಲೂ ಪೂರ್ಣ ನ್ಯಾಯವಾಗಲಾರದು.

ಇನ್ನು ಮುಂದೇನೆಂಬುದು ಪ್ರಶ್ನೆ. ೨೦೧೩ರ ನೀತಿಯ ಸ್ಥಾನದಲ್ಲಿ ಹೊಸ ರಾಷ್ಟ್ರೀಯ ತಂತ್ರವನ್ನು ತರಬೇಕೆಂಬ ಪ್ರಯತ್ನವು ೨೦೨೦ರ ಸುಮಾರಿನಿಂದ ನಡೆದು ಕರಡು ಸಿದ್ಧವಾದರೂ, ಆಗ ಅದು ಪ್ರಕಟವಾಗಲಿಲ್ಲ. ೨೦೨೪ರ ಸೆಪ್ಟೆಂಬರಿನಲ್ಲಿ ಈ ಕಾರ್ಯದ ಒಟ್ಟು ಸಮನ್ವಯವನ್ನು ರಾಷ್ಟ್ರೀಯ ಭದ್ರತಾ ಮಂಡಳಿಯ ಸಚಿವಾಲಯಕ್ಕೆ ಒಪ್ಪಿಸಲಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರವು ತನ್ನದೇ ಸೈಬರ್ ಭದ್ರತಾ ನೀತಿಯನ್ನು ಪ್ರಕಟಿಸಿತು. ಮುಂದಿನ ರಾಷ್ಟ್ರೀಯ ನೀತಿಯನ್ನು ಬರೆಯುವವರಿಗೆ ಗಣಿಯ ಚರಿತ್ರೆಯಿಂದ ಮೂರು ಸೂಚನೆಗಳು ದೊರೆಯುವುವು.

ಒಂದು: ಅವಶ್ಯಕವಲ್ಲದ ಗುರುತನ್ನು ಕೂಡಿಡಬಾರದು. ಕೂಡಿಡದ ನಿಧಿಯನ್ನು ಯಾವ ಕಳ್ಳನೂ ಕದಿಯಲಾರನು. ಎರಡು: ಶೋಧನೆಯು ಬಾಗಿಲಿನ ಎರಡು ಕಡೆಯಲ್ಲಿಯೂ ನಡೆಯಬೇಕು. ಸಂದೇಶಗಳನ್ನು ನೋಡುವ ಅಧಿಕಾರವನ್ನು ಅದೇ ಸರ್ಕಾರದ ಕಾರ್ಯದರ್ಶಿಗಳ ಸಮಿತಿಯೇ ಪರಿಶೀಲಿಸುವುದು ಸಾಲದು. ನ್ಯಾಯಾಂಗದ ಅಥವಾ ಶಾಸನಸಭೆಯ ಕಣ್ಣು ಅದರ ಮೇಲಿರಬೇಕು. ಮೂರು: ಅಪಾಯದ ಸುದ್ದಿಯು ಭಯವಿಲ್ಲದೆ ಹರಿಯಬೇಕು. ಕೋಲಾರದ ಆಳದಲ್ಲಿ ಒತ್ತಡಕ್ಕೆ ಬಂಡೆಗಳು ಸಿಡಿದು ಜನರು ಸಾಯುತ್ತಿದ್ದರು. ಎಲ್ಲಿ, ಎಂದು, ಎಷ್ಟು ಬಲವಾಗಿ ಸಿಡಿಯಿತೆಂಬುದನ್ನು ಯಂತ್ರಗಳಿಂದ ಗುರುತಿಸಿ ಒಂದೆಡೆ ಕೂಡಿಸಿದುದರಿಂದಲೇ ಬಂಡೆಗಳ ಶಾಸ್ತ್ರವು ಬೆಳೆಯಿತು. ೧೯೮೮ರಲ್ಲಿ ರಾಷ್ಟ್ರೀಯ ಶಿಲಾಬಲಶಾಸ್ತ್ರ ಸಂಸ್ಥೆಯು ಅಲ್ಲಿಯೇ ಸ್ಥಾಪಿತವಾಯಿತು. ಸಿಡಿತವನ್ನು ಅವಮಾನವೆಂದು ಮುಚ್ಚಿಟ್ಟಿದ್ದರೆ ಈ ಜ್ಞಾನವು ಹುಟ್ಟುತ್ತಿರಲಿಲ್ಲ. ಗಣಕಗಳ ಆಕ್ರಮಣವನ್ನು ಮುಚ್ಚಿಡುವ ಸಂಸ್ಥೆಗಳಿಗೂ ಇದೇ ಮಾತು ಸಲ್ಲುವುದು.

ಈ ಮೂರನೆಯ ಸೂಚನೆಯು ಸಾಮಾನ್ಯ ಜನರಿಗೂ ಸಂಬಂಧಿಸಿದೆ. ಗಣಿಗಳು ಮುಚ್ಚಿದಮೇಲೆ ಗಣಿಗರ ಮಕ್ಕಳೂ ಮೊಮ್ಮಕ್ಕಳೂ ಬಂಗಾರಪೇಟೆಯ ಮಾರ್ಗವಾಗಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವುದು ವಾಡಿಕೆಯಾಯಿತು. ಮನೆಯಲ್ಲಿ ಉಳಿದ ಹಿರಿಯರ ಕೈಯಲ್ಲಿ ಮೊಬೈಲ್ ಇದೆ. ಅವರ ಪಿಂಚಣಿಯೂ ಉಳಿತಾಯವೂ ಅದರ ಮೂಲಕ ನಡೆಯುವುವು. ಪೊಲೀಸರ ವೇಷದಲ್ಲಿ ತೆರೆಯ ಮೇಲೆ ಕಾಣಿಸಿಕೊಂಡು, 'ಡಿಜಿಟಲ್ ಅರೆಸ್ಟ್' ಆಗಿದೆಯೆಂದು ಹೆದರಿಸಿ ಹಣವನ್ನು ಕೀಳುವ ವಂಚನೆಗೆ ಇಂತಹವರೇ ಗುರಿ. ಅಂತಹ ಬಂಧನವು ನಮ್ಮ ಯಾವ ಕಾಯಿದೆಯಲ್ಲಿಯೂ ಇಲ್ಲ. ಆದರೂ ಜನರು ನಂಬುವುದೇಕೆ? ಅಧಿಕಾರಿಯು ಸಂಶಯಿಸಿದರೆ ನಿರಪರಾಧಿಯೆಂದು ತೋರಿಸಿಕೊಳ್ಳುವ ಭಾರವು ತಮ್ಮದೇ ಎಂಬ ಹಳೆಯ ಅಭ್ಯಾಸವು ಅವರಲ್ಲಿ ಬೇರೂರಿದೆ. ಕಳ್ಳನು ಕದಿಯುವುದು ಮೊದಲು ಆ ಭಯವನ್ನು, ಆಮೇಲೆ ಹಣವನ್ನು. ಪ್ರಜೆಯನ್ನು ಸಂಶಯದಿಂದ ಕಂಡ ರಾಜ್ಯವು ತನಗರಿವಿಲ್ಲದೆ ಕಳ್ಳನಿಗೆ ಒದಗಿಸಿಕೊಟ್ಟ ಆಯುಧವಿದು. ಆದುದರಿಂದ ಪ್ರಜೆಯ ಧೈರ್ಯವೂ ಸೈಬರ್ ಭದ್ರತೆಯ ಒಂದು ಅಂಗವೇ ಆಗಿದೆ.

ಇಂತಹ ವಂಚನೆಗೆ ಸಿಕ್ಕವರು ಕೂಡಲೆ ದೂರು ಕೊಡಲು ಭಾರತ ಸರ್ಕಾರದವರು ಗೊತ್ತುಮಾಡಿರುವ ದೂರವಾಣಿಯ ಸಂಖ್ಯೆಯು ೧೯೩೦. ಬೇಗನೆ ತಿಳಿಸಿದರೆ ಹಣವನ್ನು ದಾರಿಯಲ್ಲಿಯೇ ತಡೆಹಿಡಿಯುವ ಸಂಭವವುಂಟು. ಗಣಿಯ ಮುಷ್ಕರದ ವರ್ಷದೊಡನೆ ಇದಕ್ಕಿರುವ ಸಾಮ್ಯವು ಕೇವಲ ಆಕಸ್ಮಿಕ. ಅದರಲ್ಲಿ ಅರ್ಥವನ್ನು ಹುಡುಕುವುದು ಇತಿಹಾಸದ ಕೆಲಸವಲ್ಲ. ಆದರೆ ಒಂದು ಕಾಲದಲ್ಲಿ ಕಾವಲಿನ ವಿರುದ್ಧ ನೊಂದವರ ದೂರನ್ನು ಸೂಚಿಸುವ ಅಂಕೆಯು, ಇನ್ನೊಂದು ಕಾಲದಲ್ಲಿ ನೊಂದವರ ದೂರನ್ನು ಕಾವಲುಗಾರನೇ ಕೇಳುವ ಅಂಕೆಯಾಗಿದೆಯೆಂಬುದನ್ನು ನೆನಪಿಟ್ಟುಕೊಳ್ಳಲು ಇದು ಸುಲಭವಾದ ಸಾಧನ. ನಮ್ಮ ಭದ್ರತಾ ನೀತಿಯು ನಡೆಯಬೇಕಾದ ದಾರಿಯು ಇವೆರಡರ ನಡುವಣದು. ಅದರಲ್ಲಿ ಸ್ವಲ್ಪ ದೂರವು ಮಾತ್ರ ಇದುವರೆಗೆ ಕ್ರಮಿಸಲ್ಪಟ್ಟಿದೆ.